ಬಿಸಿಯಾದರೆ ಮೊಂಡು ಹಿಡಿಯುವ ಜೆಟ್ ಸ್ಕೀ

ಬೆರಿಲ್ ಟ್ರೆಲೋರ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗ್ಯಾನೆಟ್ ಕೊಲ್ಲಿಯ ಜನ ಹೇಳುತ್ತಾರೆ. ಸುಳ್ಳಲ್ಲ. ಅರವತ್ತೊಂದು ವರ್ಷದ ಈಕೆ ಅಪ್ಪನ ಶೆಡ್ಡಿನಲ್ಲಿ ದೋಣಿ ಎಂಜಿನ್ನುಗಳನ್ನು ಬಿಚ್ಚುತ್ತ ಬೆಳೆದವಳು. ಗಂಡನನ್ನು ಎರಡು ವರ್ಷ ಸಹಿಸಿ, ಮೂರನೆಯ ವರ್ಷ ಅವನ ಮೀನಿನ ಗಾಳಗಳ ಸಮೇತ ಹೊರಗೆ ಹಾಕಿದವಳು. ಕಡಲತೀರದ ಜೀವರಕ್ಷಕರ ಕ್ಲಬ್ಬಿನ ಯಂತ್ರಗಳನ್ನು ಇಪ್ಪತ್ತೆರಡು ವರ್ಷದಿಂದ ಬಿಟ್ಟಿಯಾಗಿ ನೋಡಿಕೊಳ್ಳುತ್ತಿದ್ದಾಳೆ. ಯಾರಾದರೂ ಥ್ಯಾಂಕ್ಸ್ ಹೇಳಿದರೆ ಅದಕ್ಕೂ ಸಿಡುಕುತ್ತಾಳೆ. ಆದರೆ ಈ ಸಲದ ಸಿಟ್ಟಿಗೆ ತಕ್ಕ ಕಾರಣವಿತ್ತು.

ಕಳೆದ ಭಾನುವಾರ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಜೋಲೀನ್ ಕಡಲತೀರದ ಕಾವಲಿನಲ್ಲಿದ್ದಳು. ಬೆಳಗಿನಿಂದ ಓಡಿಸುತ್ತಿದ್ದ, ನೀರಿನ ಮೇಲೆ ಸ್ಕೂಟರಿನಂತೆ ಓಡುವ ಜೆಟ್ ಸ್ಕೀಯಲ್ಲೇ, ಅಲೆಗಳಾಚೆ ಮುಳುಗುತ್ತಿದ್ದವನೊಬ್ಬನನ್ನು ತರಲು ಹೋದಳು. ನೀರಿನಲ್ಲಿರುವವನ ಹತ್ತಿರ ಬಂದೊಡನೆ ಎಂಜಿನ್ ಆರಿಸಬೇಕು. ಇಲ್ಲದಿದ್ದರೆ ಕೆಳಗೆ ನೀರು ಸೆಳೆಯುವ ಬಾಯಿಗೆ ಕೂದಲೋ ಬಟ್ಟೆಯೋ ಸಿಕ್ಕಿಬೀಳುತ್ತದೆ. ಆರಿಸಿದಳು. ಅವನನ್ನು ಹಿಂದಿನ ಸೀಟಿಗೆ ಎಳೆದುಕೊಂಡಳು. ಗುಂಡಿ ಒತ್ತಿದಳು. ಎಂಜಿನ್ ಗರಗರ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ದೊಡ್ಡ ಅಲೆಯೊಂದು ಬಂದು ಇಬ್ಬರನ್ನೂ ಮಗುಚಿ ಹಾಕಿತು. ದಡದವರು ತೇಲುವ ಹಲಗೆ ಹಾಕಿಕೊಂಡು ಈಜಿ ಬಂದದ್ದರಿಂದ ಬದುಕಿದರು.

ಕ್ಲಬ್ಬಿನ ಅಧ್ಯಕ್ಷ ವಾರ್ವಿಕ್ ವರದಿ ಬರೆದ: ಚಾಲಕಿ ಗಾಬರಿಯಾಗಿ ತಪ್ಪಾಗಿ ಚಾಲೂ ಮಾಡಿದ್ದಾಳೆ, ಯಂತ್ರದಲ್ಲಿ ದೋಷವಿಲ್ಲ. ಜೋಲೀನಳನ್ನು ಕಾವಲಿನಿಂದ ತೆಗೆದುಹಾಕಿದ. ಶನಿವಾರ ಅದೇ ಜೆಟ್ ಸ್ಕೀ ಬೇರೊಬ್ಬರ ಕೈಯಲ್ಲಿ ನೀರಿಗಿಳಿಯಲಿ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದನ್ನು ಓದಿ ಬೆರಿಲ್‌ಗೆ ಮೈಯೆಲ್ಲ ಉರಿದುಹೋಯಿತು.

“ದಿನಾ ಬೆಳಿಗ್ಗೆ ಏಳಕ್ಕೆ ದಡದಲ್ಲಿ ಅದನ್ನ ಸಾಗಿಸೋ ಗಾಡಿ ಮೇಲೇ ಚಾಲೂ ಮಾಡಿ ನೋಡ್ತೀವಲ್ಲ ಬೆರಿಲ್. ಒಂದೇ ಸಲಕ್ಕೆ ಹೊತ್ಕೊಳ್ಳುತ್ತೆ. ನಾನೇ ಸಹಿ ಹಾಕೋದು,” ಎಂದ ವಾರ್ವಿಕ್.

“ರಾತ್ರಿಯೆಲ್ಲ ತಣ್ಣಗೆ ಬಿದ್ಕೊಂಡಿದ್ದು ಬೆಳಿಗ್ಗೆ ಏಳದೆ ಇನ್ನೇನ್ ಮಾಡುತ್ತೆ? ಹದಿನೈದು ಸೆಕೆಂಡ್ ಓಡಿಸಿ ಆರಿಸ್ತೀರ. ಬಿಸಿ ಆದ್ಮೇಲೆ ಒಂದ್ಸಲನಾದ್ರೂ ಒತ್ತಿ ನೋಡಿದ್ದೀಯಾ?”

“ತಪಾಸಣೆ ಪಟ್ಟೀಲಿ ಹಾಗೆ ಮಾಡಿ ಅಂತ ಇಲ್ವಲ್ಲ.”

ಪಟ್ಟಿಯಲ್ಲಿಲ್ಲವಂತೆ. ಜೀವ ಉಳಿಸುವ ಯಂತ್ರ ನೀರಿನಲ್ಲಿ ಆರುವುದೇ ಬಿಸಿಯಾಗಿದ್ದಾಗ, ಮತ್ತೆ ಹೊತ್ತಬೇಕಾದದ್ದೂ ಬಿಸಿಯಾಗಿದ್ದಾಗಲೇ. ವರ್ಷಾನುಗಟ್ಟಲೆ ಇಡೀ ಕ್ಲಬ್ಬು ತಣ್ಣನೆಯ ಎಂಜಿನ್ನಿಗೆ ಸಹಿ ಹಾಕುತ್ತ ಬಂದಿತ್ತು. ಅದನ್ನು ತಾನೂ ಗಮನಿಸಲಿಲ್ಲವಲ್ಲ ಎಂಬ ಸಿಟ್ಟು ಬೆರಿಲ್‌ಗೆ ತನ್ನ ಮೇಲೂ ಇತ್ತು.

ಎರಡು ದಿನ ಅವಳು ಶೆಡ್ಡು ಬಿಟ್ಟು ಕದಲಲಿಲ್ಲ. ಎಂಜಿನ್ ತಂಪಾಗಿಡುವ ನೀರಿನ ಪೈಪು ಸಿಕ್ಕಿಸಿ, ಮೊದಲು ಎಂಜಿನ್ ಚಾಲೂ ಮಾಡಿ, ಆಮೇಲೆ ನಲ್ಲಿ ಬಿಟ್ಟು, ಇಪ್ಪತ್ತು ನಿಮಿಷ ಓಡಿಸಿದಳು. ನಲ್ಲಿ ನಿಲ್ಲಿಸಿ, ಆರಿಸಿ, ಒತ್ತಿದಳು. ಹೊತ್ತಲಿಲ್ಲ. ಪೆಟ್ರೋಲ್ ಸರಿಯಾಗಿಯೇ ಬರುತ್ತಿತ್ತು. ಪ್ಲಗ್ಗು ಬಿಚ್ಚಿ ಎಂಜಿನ್ ತಿರುಗಿಸಿ ನೋಡಿದರೆ ಕಿಡಿಯೇ ಇಲ್ಲ. ಬಿಯರ್ ಪೆಟ್ಟಿಗೆಯ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ಕಿಡಿ ಕಳಿಸುವ ಕಾಯಿಲ್ ಮೇಲೆ ಐದು ನಿಮಿಷ ಇಟ್ಟಳು. ನೀಲಿ ಕಿಡಿ ಹಾರಿತು. ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ಅದೇ ಕಥೆ: ಕಾಯಿಲ್ ಬಿಸಿಯಿದ್ದರೆ ಕಿಡಿ ಇಲ್ಲ, ತಣ್ಣಗಾದರೆ ಇದೆ. ಹೊಸ ಕಾಯಿಲ್ ಬ್ರಿಸ್ಬೇನಿನಿಂದ ಬರಲು ಹತ್ತು ದಿನ ಬೇಕಿತ್ತು.

“ಶೆಡ್ಡಿನ ಮಾತು ಬೇರೆ,” ಎಂದ ವಾರ್ವಿಕ್. “ಸಮುದ್ರದಲ್ಲಿ ಸುತ್ತ ತಣ್ಣೀರಿರುತ್ತೆ. ಆ ಹುಡುಗಿ ಹೆದರಿದ್ಲು, ಅಷ್ಟೇ ಮಾರಾಯ್ತಿ. ಅವಳನ್ನ ಕಾಪಾಡೋಕೆ ತಪ್ಪನ್ನ ಯಂತ್ರದ ಮೇಲೆ ಹಾಕ್ಬೇಡ.”

“ಹಾಗಾದ್ರೆ ನಡಿ. ಸಮುದ್ರಕ್ಕೇ ಹೋಗೋಣ. ನೀನೇ ಓಡಿಸು.”

ಶುಕ್ರವಾರ ಅಲೆ ಸಣ್ಣದಿತ್ತು. ಆದರೂ ಕ್ಲಬ್ಬಿನ ರಬ್ಬರ್ ದೋಣಿ ದೂರದಲ್ಲಿ ಕಾಯುತ್ತಿರಲಿ ಎಂದಳು ಬೆರಿಲ್. ಕೋಪ ಬೇರೆ, ಹುಚ್ಚು ಬೇರೆ. ವಾರ್ವಿಕ್ ಜೆಟ್ ಸ್ಕೀಯನ್ನು ಅರ್ಧ ಗಂಟೆ ಕೊಲ್ಲಿಯಲ್ಲಿ ಸುತ್ತಿಸಿದ. ಅಲೆಗಳಾಚೆ ಬಂದಾಗ ಅವನ ಹಿಂದೆ ಕೂತಿದ್ದ ಬೆರಿಲ್ ಬುಡುಕ್ಕನೆ ನೀರಿಗೆ ಹಾರಿದಳು. ಅವನು ಸುತ್ತಿ ಬಂದು ಎಂಜಿನ್ ಆರಿಸಿ, ಕೈ ಚಾಚಿದ.

“ಸ್ವಲ್ಪ ನೀನೂ ಹತ್ತೇ.”

“ಮುಳುಗೋರು ಹತ್ತಲ್ಲ. ಎಳಿ.”

ಏದುಸಿರು ಬಿಡುತ್ತ ಎಳೆದುಕೊಂಡ. ಗುಂಡಿ ಒತ್ತಿದ. ಗರಗರ. ಮತ್ತೆ ಒತ್ತಿದ. ಸಣ್ಣ ಅಲೆಯೊಂದು ಪಕ್ಕಕ್ಕೆ ಬಡಿದು ಜೆಟ್ ಸ್ಕೀ ಓಲಾಡಿತು, ಮೂತಿ ದಡದ ಕಡೆ ತಿರುಗಿ ಅಲೆ ಒಡೆಯುವ ಜಾಗಕ್ಕೆ ಜಾರತೊಡಗಿತು. ಅವನು ಒತ್ತುತ್ತಲೇ ಇದ್ದ. ಕುತ್ತಿಗೆಯ ಹಿಂಭಾಗ ಕೆಂಪಗಾಗಿತ್ತು.

“ಗಾಬರಿ ಆಗ್ಬೇಡ,” ಎಂದಳು ಬೆರಿಲ್.

“ಯಾರಿಗೇ ಗಾಬರಿ? ಎಲ್ಲಾ ಸರಿಯಾಗೇ ಮಾಡ್ತಿದ್ದೀನಿ. ಕಾಣಲ್ವಾ ನಿಂಗೆ?”

“ಕಾಣ್ತಿದೆ. ಜೋಲೀನೂ ನಿನ್ ಮುಂದೆ ನಿಂತು ಇದೇ ಮಾತು ಹೇಳಿದ್ಲು. ಅದನ್ನ ನೀನು ಬರೀಲೇ ಇಲ್ಲ.”

ವಾರ್ವಿಕ್ ಮತ್ತೆ ಗುಂಡಿಗೆ ಬೆರಳಿಟ್ಟ. ಇನ್ನೆರಡು ಸಲ ಒತ್ತಿದ. ಆಮೇಲೆ ಗುಂಡಿಯಿಂದ ಬೆರಳು ತೆಗೆದು, ರಬ್ಬರ್ ದೋಣಿಯವರಿಗೆ ಕಾಣುವಂತೆ, ಮುಳುಗುವವರು ಎತ್ತುವ ಹಾಗೆ ಒಂದು ಕೈ ಮೇಲೆತ್ತಿದ.