ಆಯಾ ಬಾಟಲಿಗೆ ಆಯಾ ಬಿರಡೆ

ಅದು ಒಂದು ಬುಧವಾರ. ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ಅದೇ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಂದು ಎಣ್ಣೆ ಬಾಟಲಿಗಾಗಿ ಅಷ್ಟು ಹೊತ್ತು ಜಗಳ ಆಡುತ್ತಿರಲಿಲ್ಲ. ಹೊಸದಾಗಿ ತಂದ ಕೊಬ್ಬರಿ ಎಣ್ಣೆಯನ್ನು ಗೂಡಿನಲ್ಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ನಮ್ಮ ಮನೆಯವರು ಬಾಟಲಿಯ ಕತ್ತಿಗೆ ದಾರ ಸುತ್ತಿ, ದಾರದ ಇನ್ನೊಂದು ತುದಿಯನ್ನು ಮುಚ್ಚಳಕ್ಕೆ ಬಿಗಿದು, ಕಟ್ಟೆಯ ಮೇಲೆ ಕುಳಿತು ಎಳೆದೆಳೆದು ನೋಡುತ್ತಿದ್ದರು.

"ಎಣ್ಣಿ ಸುರುವಿಕೊಳ್ಳೂ ಮುಂದ ಮುಚ್ಚಳ ಮುಂಗೈಗೆ ಬಡಿತೈತ್ರಿ," ಎಂದೆ.

"ಬಡೀಲಿ ಬಿಡು. ಕೈಗೆ ಬಡೀತಂದ್ರ ಅಲ್ಲೇ ಐತಿ ಅಂತ ಆತು."

"ಬಾಜು ಮನಿ ಶಾಂತಕ್ಕ ಏನಂತಾಳ ಗೊತ್ತೈತೇನ್ರಿ? ನಿಮ್ಮ ಮನ್ಯಾಗ ದನಕ್ಕ ಹಾಕಿದಂಗ ಬಾಟ್ಲಿಗೂ ದಾವಣಿ ಹಾಕ್ತಾರಂತ."

"ಆಕಿಗೆ ಹೇಳು, ನಮ್ಮ ಮನ್ಯಾಗ ಇನ್ನೂತನ ಒಂದ ಮುಚ್ಚಳಾನೂ ಮನಿ ಬಿಟ್ಟ ಓಡಿಹೋಗಿಲ್ಲ. ಆಕಿ ಉಪ್ಪಿನಕಾಯಿ ಭರಣಿಗೆ ಏನ ಕಟ್ಯಾಳ ನೋಡು. ಅಂಗಡಿ ಚೀಲ!"

ಅದು ನಿಜವೇ ಆಗಿತ್ತು. ನನಗೆ ನಗು ಬಂತು, ಜಗಳ ಮುಗಿಯಿತು.

ಮರುದಿನ ಬೆಳಗ್ಗೆ ಚಹಾ ಕುಡಿದು, ಎದೆ ಒತ್ತಿದ ಹಾಗಾಗುತ್ತದೆ ಎಂದರು. ರಿಕ್ಷಾ ಬರುವುದರೊಳಗೆ ಮುಗಿದುಹೋಗಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಬಾಟಲಿಯ ಮುಚ್ಚಳಗಳ ಬಗ್ಗೆ ಬೇಕಾದರೆ ಬರೆಯಬಲ್ಲೆ. ಅವರ ಜೊತೆ ಮೂವತ್ತು ವರ್ಷ ಬಾಳಿದವರು ಯಾರಾದರೂ ಬರೆದಾರು.

ಅವರ ಹೆಸರು ದಸ್ತಗೀರ. ಇಲ್ಲೇ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಆಗಿದ್ದರು. ನಾವು ನದಾಫರು. ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಅವರ ಊರು ಮೋರಟಗಿ, ನನ್ನ ತವರು ಝಳಕಿ. ಅವರು ಮ್ಯಾಟ್ರಿಕ್ ಮುಗಿಸಿ ಗಾದಿಯ ಕೆಲಸ ಬಿಟ್ಟವರು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಜೊತೆ ಗಾದಿಗೆ ಕುಳಿತವಳು. ಸಂಬಂಧ ತಂದ ಹಿರಿಯರು "ಹುಡುಗ ಕಾಲೇಜಿನ್ಯಾಗ ಅದಾನ" ಎಂದಷ್ಟೇ ಹೇಳಿದ್ದರು. ನಮ್ಮಪ್ಪ ಆತ ಪಾಠ ಮಾಡುವವನೆಂದು ತಿಳಿದು ಊರೆಲ್ಲ ಹೇಳಿಕೊಂಡು ಬಂದಿದ್ದ. ನಿಜ ತಿಳಿದ ಮೇಲೂ ಅಪ್ಪನಿಗೆ ಬೇಜಾರಾಗಲಿಲ್ಲ. ನನಗೆ ಸ್ವಲ್ಪ ಆಗಿತ್ತು. ಈಗ ಬರೆಯುವಾಗ ಸುಳ್ಳೇಕೆ ಹೇಳಲಿ.

ಲ್ಯಾಬಿನ ಬಾಟಲಿಗಳನ್ನು ನೀವು ನೋಡಿರಬಹುದು. ಗಿಡ್ಡ ಕತ್ತು, ದುಂಡು ಭುಜ, ತಲೆಯ ಮೇಲೆ ಚಪ್ಪಟೆಯಾದ ಗಾಜಿನ ಬಿರಡೆ. ಹಳೆಯ ಬಾಟಲಿಗಳಲ್ಲಿ ಬಿರಡೆಯ ಬುಡವನ್ನೂ ಬಾಟಲಿಯ ಬಾಯನ್ನೂ ಒಂದಕ್ಕೊಂದು ತಿಕ್ಕಿ ಹೊಂದಿಸಿರುತ್ತಾರಂತೆ. ತನ್ನ ಬಾಟಲಿಯಲ್ಲಿ ಕುಳಿತರೆ ಒಳಗೆ ಗಾಳಿಯೂ ಆಡುವುದಿಲ್ಲ. ಇದನ್ನು ಅವರು ನನಗೆ ಹೇಳಿದ್ದು ಎಷ್ಟು ಸಲವೋ. ಬಿರಡೆ ತೆಗೆದರೆ ಮೇಜಿನ ಮೇಲೆ ಇಡಬಾರದು, ಎರಡು ಬೆರಳ ಸಂದಿಯಲ್ಲಿ ಹಿಡಿದುಕೊಂಡೇ ಸುರುವಬೇಕು, ಸುರುವಿದ ಕೂಡಲೇ ಮುಚ್ಚಬೇಕು. ಈ ರೂಢಿ ಅವರಿಗೆ ಎಷ್ಟು ಅಂಟಿತ್ತೆಂದರೆ, ಮದುವೆ ಮನೆಯಲ್ಲಿ ಶರಬತ್ತು ಹಂಚುವಾಗಲೂ ಮುಚ್ಚಳ ಬೆರಳ ಸಂದಿಯಲ್ಲೇ ಇರುತ್ತಿತ್ತು. ಬೀಗರು ನನ್ನ ಮುಖ ನೋಡುತ್ತಿದ್ದರು, ನಾನು ಬೇರೆ ಕಡೆ ನೋಡುತ್ತಿದ್ದೆ.

ಬಿರಡೆ ಬಾಟಲಿಗೆ ಕಚ್ಚಿಕೊಂಡು ಬಿಡದೇ ಹೋದರೆ ಮೇಷ್ಟರುಗಳೂ ಇವರನ್ನೇ ಕರೆಯುತ್ತಿದ್ದರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕತ್ತಿಗೆ ಸುತ್ತಿ, ಒಂದು ಕಟ್ಟಿಗೆ ತುಂಡಿನಿಂದ ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಮೆಲ್ಲಗೆ ತಟ್ಟುವರು. "ಬಾರವ್ವಾ, ಯಾಕ ಸಿಟ್ಟಾಗಿ," ಎನ್ನುವರು. ಅದು ಬರುತ್ತಿತ್ತು. ನಾನು ಸಿಟ್ಟಾದಾಗಲೂ ಅದೇ ದನಿ ತೆಗೆಯುತ್ತಿದ್ದರು. ನಾನು ಅಷ್ಟು ಬೇಗ ಬರುತ್ತಿರಲಿಲ್ಲ.

ಮದುವೆಯಾದ ಮೂರನೆಯ ವರ್ಷ. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗೀಗ ನಾನೇ ಬುತ್ತಿ ಒಯ್ದು ಕೊಡುತ್ತಿದ್ದೆ. ಒಂದು ಶನಿವಾರ ಮಧ್ಯಾಹ್ನ ಹೋದಾಗ ಕಾಲೇಜು ಖಾಲಿ. ಸೋಮವಾರ ಹುಡುಗರ ಪ್ರಾಕ್ಟಿಕಲ್ ಪರೀಕ್ಷೆ, ಮುದ್ದೇಬಿಹಾಳದಿಂದ ಪರೀಕ್ಷೆ ಮಾಡುವ ಸರ್ ಬರುವವರಿದ್ದರು. ಇವರು ಒಬ್ಬರೇ ಎಲ್ಲ ಒರೆಸಿ ತೊಳೆಯುತ್ತಿದ್ದರು. ಮುಖ ಬಾಡಿತ್ತು.

"ನಾ ಒಂದೀಟ ಕೈ ಹಚ್ಚಲೇನ್ರಿ?" ಎಂದೆ.

"ಬಾಟ್ಲಿ ಮ್ಯಾಗಿನ ಧೂಳ ಒರಸು ಸಾಕು. ನಾ ಮ್ಯಾಲಿಂದ ಡಿಸ್ಟಿಲ್ಡ್ ವಾಟರ್ ಕ್ಯಾನ್ ತರ್ತೇನಿ," ಎಂದು ಹೋದರು.

ಮೇಲಿನ ಧೂಳು ಒರೆಸಿದೆ. ಆದರೆ ಬಿರಡೆಗಳ ಸುತ್ತ, ಬಾಟಲಿಯ ಕಂಠಕ್ಕೆ ಬಿಳಿ ಪುಡಿ ಕಟ್ಟಿತ್ತು. ಅದನ್ನು ಬಿಟ್ಟು ಬರಲು ನನ್ನ ಮನಸ್ಸು ಒಪ್ಪಲಿಲ್ಲ. ಒಂದು ಸಾಲಿನ ಬಿರಡೆಗಳನ್ನು ತೆಗೆದು ಬುತ್ತಿಯ ಮೇಲಿನ ತಾಟಿನಲ್ಲಿಟ್ಟು, ಕಂಠಗಳನ್ನೆಲ್ಲ ಒರೆಸಿ, ಬಿರಡೆಗಳನ್ನೂ ಒರೆಸಿ, ಮತ್ತೆ ಮುಚ್ಚಿದೆ. ಅಡುಗೆಮನೆಯಲ್ಲಿ ಬೆಳೆದ ಕೈ ನೋಡಿ. ಯಾವ ಡಬ್ಬಿಗೆ ಯಾವುದು ಕೂಡುತ್ತದೋ ಅದೇ ಅದರ ಮುಚ್ಚಳ. ಒಂದೆರಡು ಸ್ವಲ್ಪ ಅಲುಗಾಡಿದವು. ತಿರುವಿ ಒತ್ತಿದೆ, ಕುಳಿತವು. ಇವರು ಕ್ಯಾನ್ ಹೊತ್ತು ಬಂದು ಬಾಗಿಲಲ್ಲೇ ನಿಂತು, "ಏ, ಲ್ಯಾಬ್ ಹೋಗಿ ಮದುವಿ ಮನಿ ಆಗೈತಲ್ಲ!" ಎಂದರು. ಆ ಮಾತನ್ನು ಹೊತ್ತುಕೊಂಡು ನಾನು ಮನೆಗೆ ನಡೆದೆ. ದಾರಿಯಲ್ಲಿ ಬಿಸಿಲೂ ಗೊತ್ತಾಗಲಿಲ್ಲ.

ಸೋಮವಾರ ಸಂಜೆ ಬಂದವರು ಕೈಕಾಲು ತೊಳೆದು ಕುಳಿತರು. ಚಹಾ ಆರಿತು. ಪರೀಕ್ಷೆ ಹೇಗಾಯಿತು ಎಂದರೆ, "ಆತು" ಎಂದರು. ಆಮೇಲೆ, "ನಿನ್ನ ಕಡೆ ಗಾದಿ ದಾರ ಐತೇನ?" ಎಂದು ಕೇಳಿದರು.

"ಐತಿ. ಯಾಕ್ರಿ, ಮತ್ತ ಗಾದಿ ಹೊಲಿಯೂ ವಿಚಾರ ಬಂತೇನ?"

"ಬಿರಡಿ ಕಟ್ಟಬೇಕಾಗೈತಿ. ಆಯಾ ಬಾಟ್ಲಿಗೆ ಆಯಾ ಬಿರಡಿ. ಬಿಚ್ಚಬಾರದು ಅಂಥಾ ಗಂಟ ಬೇಕು."

ಗಾದಿಯಲ್ಲಿ ಹತ್ತಿ ಒಂದೇ ಕಡೆ ಸರಿಯದಂತೆ ಅಲ್ಲಲ್ಲಿ ದಬ್ಬಣದಿಂದ ದಾರ ತೂರಿಸಿ ಬಿಗಿಯುತ್ತೇವೆ. ಆ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ. ಅದನ್ನು ಅವರಿಗೆ ನಾನೇ ಕಲಿಸಬೇಕಾಯಿತು. ನಾಲ್ಕು ಸಲ ಹಾಕಿದರು, ನಾಲ್ಕು ಸಲವೂ ಜಾರಿತು. "ನದಾಫರ ಮಗ ಅಂತ ಹ್ಯಾಂಗ ಹೇಳ್ಕೋತೀರಿ ನೀವು?" ಎಂದು ಹಂಗಿಸಿದೆ. ಅವರು ನಕ್ಕು ದಾರವನ್ನು ನನ್ನ ಕೈಗೆ ಕೊಟ್ಟರು. "ನೀನ ಬಂದ ಕಟ್ಟು. ನಿನ್ನ ಕೈಯ ಗಂಟ ಬಿಚ್ಚಂಗಿಲ್ಲ."

ಮುಂದಿನ ಭಾನುವಾರ ತಮ್ಮ ಕೆಮಿಸ್ಟ್ರಿ ಸರ್ ಅವರ ಅಪ್ಪಣೆ ಪಡೆದು ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದರು. ಆಸಿಡ್ಡಿಗೆ ದಾರ ಬೇಗ ಕೊಳೆಯಬಾರದೆಂದು ಮೇಣ ಸವರಿದ್ದೆ. ದಾರದ ಅಳತೆಯನ್ನು ಅವರು ಹೇಳಿಕೊಟ್ಟರು. ಬಿರಡೆಯನ್ನು ಬೆರಳ ಸಂದಿಯಲ್ಲಿ ಹಿಡಿದು ಸುರುವುವಷ್ಟು ಉದ್ದ ಇರಬೇಕು, ಪಕ್ಕದ ಬಾಟಲಿಯ ಬಾಯಿಗೆ ಮುಟ್ಟುವಷ್ಟು ಇರಬಾರದು. ಆ ಅಳತೆಗೆ ಅವರು ನನ್ನ ಗೇಣನ್ನೇ ಹಿಡಿದರು. ಅವರು ಒಂದೊಂದೇ ಚೀಟಿ ಓದುವರು, ನಾನು ಕಟ್ಟುವೆ. ಡೈಲ್ಯೂಟ್ ಹೈಡ್ರೋಕ್ಲೋರಿಕ್. ಡೈಲ್ಯೂಟ್ ನೈಟ್ರಿಕ್. ಡೈಲ್ಯೂಟ್ ಸಲ್ಫ್ಯೂರಿಕ್. ಏಳನೆಯ ಇಯತ್ತೆಯವಳು ಆ ಹೆಸರುಗಳನ್ನು ಕಲಿತೆ. ಸಿಲ್ವರ್ ನೈಟ್ರೇಟ್ ಕಂದು ಬಾಟಲಿಯಲ್ಲೇ ಇರಬೇಕು, ಬೆಳಕು ತಾಗಬಾರದು ಎಂಬುದೂ ಗೊತ್ತಾಯಿತು. ಆಮೇಲೆ ಪ್ರತಿ ಜೂನಿನಲ್ಲಿ ಹಳೆಯ ದಾರ ಕತ್ತರಿಸಿ ಹೊಸದು ಕಟ್ಟುವ ಕೆಲಸ ನನ್ನದೇ ಆಯಿತು. ಅವರು ನಿವೃತ್ತರಾಗುವವರೆಗೂ ಕಟ್ಟಿದೆ. ಆ ಲ್ಯಾಬಿಗೆ ನಾನೂ ಏನೋ ಮಾಡಿದ್ದೇನೆ ಎಂಬ ಹೆಮ್ಮೆ ನನಗಿತ್ತು.

ಒಂದೇ ಒಂದು ಅಸಮಾಧಾನ ಇತ್ತು. ಅವರ ಕೆಲಸ ಕಾಯಂ ಆಗುವ ಕಾಗದ ಇವತ್ತು ಬರುತ್ತದೆ ನಾಳೆ ಬರುತ್ತದೆ ಎನ್ನುತ್ತ ಎರಡು ವರ್ಷ ಹೋಯಿತು. ನಾನು ಸುಮ್ಮನಿರಲಿಲ್ಲ. "ನಿಮ್ಮ ಕಾಗದ ಎತ್ತಿನ ಗಾಡ್ಯಾಗ ಹೊಂಟೈತೇನ್ರಿ? ಎಲ್ಲಾರದೂ ಬರ್ತೈತಿ, ನಿಮಗಷ್ಟ ಬಾಯಿಲ್ಲ," ಎನ್ನುತ್ತಿದ್ದೆ. "ಬರ್ತೈತಿ ಬಿಡು" ಎನ್ನುವರು. ಕೊನೆಗೆ ಬಂತು. ನಾನು ಆ ಮಾತು ಮರೆತೆ.

ಅವರು ತೀರಿಕೊಂಡ ಮೂರನೆಯ ದಿನ ಗೋರಿಯ ಹತ್ತಿರ ಜಿಯಾರತ್ತಿನ ಪ್ರಾರ್ಥನೆ ಮುಗಿಸಿ ಗಂಡಸರು ಪಡಸಾಲೆಯಲ್ಲಿ ಕುಳಿತಿದ್ದರು. ಸಿಂದಗಿಯಿಂದ ಅವರ ಕೆಮಿಸ್ಟ್ರಿ ಸರ್ ಬಂದಿದ್ದರು. ಅವರೂ ನಿವೃತ್ತರಾಗಿ ವರ್ಷಗಳಾಗಿವೆ. ನಾನು ಒಳಗೆ ಪರದೆಯ ಈಚೆ ಕುಳಿತಿದ್ದೆ. ಸರ್ ನಮ್ಮಣ್ಣನಿಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು.

"ನಿಮ್ಮ ತಂಗಿ ಗಂಡ ಎಂಥಾ ಮನಿಶ್ಯಾ ಗೊತ್ತೈತೇನ್ರಿ? ಒಂದ ಸಲ ಪ್ರಾಕ್ಟಿಕಲ್ ಪರೀಕ್ಷಾದಾಗ ಹುಡುಗರಿಗೆ ಬ್ಯಾರೆಬ್ಯಾರೆ ಸಾಲ್ಟ್ ಕೊಟ್ಟೇವಿ. ಎಲ್ಲಾರ ಟೆಸ್ಟ್ ಟ್ಯೂಬಿನ್ಯಾಗೂ ಮೋಡ ಕಟ್ಟಿಧಂಗ ಬೆಳ್ಳಗಾತು! ಬೆಳ್ಳಗಾತಂದ್ರ ಸಾಲ್ಟಿನ್ಯಾಗ ಕ್ಲೋರೈಡ್ ಐತಿ ಅಂತ ಲೆಕ್ಕ, ಎಲ್ಲಾರೂ ಅದನ್ನ ಬರ್ಯಾಕತ್ತಾರ. ಪರೀಕ್ಷಾ ಮಾಡಾಕ ಬಂದ ಸರ್‌ಗೆ ಸಿಟ್ಟ ಬಂತು. ಏನ್ ಕಲಿಸೀರಿ ಇವಕ್ಕ, ಎಲ್ಲಾರೂ ಫೇಲ್ ಅಂದ್ರು. ಆಗ ದಸ್ತಗೀರ ಮುಂದ ಬಂದ. ಒಂದ ಖಾಲಿ ಟ್ಯೂಬಿನ್ಯಾಗ ಬರೇ ಡಿಸ್ಟಿಲ್ಡ್ ವಾಟರ್ ಹಾಕಿದ. ನೈಟ್ರಿಕ್ ಆಸಿಡ್ ಹನಿಸಿದ, ಸಿಲ್ವರ್ ನೈಟ್ರೇಟ್ ಹನಿಸಿದ. ಅದರಾಗೂ ಬೆಳ್ಳಗಾತು! 'ಬರೇ ನೀರಾಗ ಕ್ಲೋರೈಡ್ ಎಲ್ಲಿಂದ ಬರಬೇಕ್ರಿ ಸರ್? ಹೈಡ್ರೋಕ್ಲೋರಿಕ್ಕಿನ ಬಿರಡಿ ನೈಟ್ರಿಕ್ಕಿಗೆ ಬಿದ್ದೈತಿ, ಅದರ ಕ್ಲೋರೈಡ್ ಇದರಾಗ ಇಳದೈತಿ. ಶನಿವಾರ ಒರಸೂ ಮುಂದ ನನ್ನ ಕೈಲೆ ಅದಲಿ ಬದಲಿ ಆಗೈತ್ರಿ. ಹುಡುಗರದ ತಪ್ಪಿಲ್ಲ' ಅಂದ."

"ಆಮ್ಯಾಲೇನಾತ್ರಿ?" ಎಂದ ನಮ್ಮಣ್ಣ.

"ಹೊಸಾ ಆಸಿಡ್ ಕೊಟ್ಟು ಮತ್ತ ಮಾಡಿಸಿದ್ವಿ. ಹುಡುಗರು ಉಳದ್ರು. ಇವನ ಮ್ಯಾಲ ರಿಪೋರ್ಟ್ ಆತು. ಕಾಯಂ ಆಗೂ ಕಾಗದ ಸಹಿಗೆ ಹೋಗಿತ್ತು, ತಿರುಗಿ ಬಂತು. ಎರಡ ವರ್ಷ ತಡಾ ಆತು ನೋಡ್ರಿ. ಬಾಯಿ ಮುಚಕೊಂಡ ನಿಂತಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ತಪ್ಪ ಮಾಡೂದು ಎಲ್ಲಾರೂ ಮಾಡ್ತಾರ, ಒಪ್ಪಿಕೊಳ್ಳಾವ್ರು ಎಷ್ಟ ಮಂದಿ?"

ಕೇಳಿದವರೆಲ್ಲ ತಲೆದೂಗಿರಬೇಕು. ನನಗೆ ಮಾತ್ರ ತಾಟಿನಲ್ಲಿ ಹೊರಳುತ್ತಿದ್ದ ಬಿರಡೆಗಳು ಕಣ್ಣ ಮುಂದೆ ಬಂದವು. ಅಲುಗಾಡಿದ್ದನ್ನು ತಿರುವಿ ಒತ್ತಿದ್ದು ನೆನಪಾಯಿತು. ಅದು ಅವರ ಕೈಯಲ್ಲ, ನನ್ನ ಕೈ. ಅವರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ದಾರ ಕೇಳಿದ್ದರು. ಗೊತ್ತಿದ್ದೇ ನನ್ನನ್ನು ಕರೆದೊಯ್ದು, ಕೆಡಿಸಿದ ಕೈಯಿಂದಲೇ ಸರಿ ಮಾಡಿಸಿ, ಹೊಗಳಿ ಕಳಿಸಿದ್ದರು. ಹೇಳಿಬಿಟ್ಟಿದ್ದರೆ ನಾನು ಮತ್ತೆ ಆ ಲ್ಯಾಬಿನ ಹೊಸ್ತಿಲು ತುಳಿಯುತ್ತಿರಲಿಲ್ಲ, ಅದು ಅವರಿಗೆ ತಿಳಿದಿತ್ತು ಎಂದು ಈಗ ಅನಿಸುತ್ತದೆ. ಇಷ್ಟೆಲ್ಲ ಅವರು ಯೋಚಿಸಿದ್ದರೋ, ಸುಮ್ಮನೆ ಅವರ ಗುಣವೇ ಹಾಗಿತ್ತೋ, ನನಗೆ ತಿಳಿಯದು.

ಆಗಲೇ ಎದ್ದು ಹೊರಗೆ ಹೋಗಿ ಹೇಳಬೇಕೆನಿಸಿತು. ಹೇಳುವಂತಿರಲಿಲ್ಲ. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು, ಪರಗಂಡಸರ ಮುಂದೆ ಬರಬಾರದು, ಮನೆ ದಾಟಬಾರದು. ಕುಳಿತೆ. ಆ ದಿನಗಳಲ್ಲಿ ಅಳುವುದಕ್ಕಿಂತ ಹೆಚ್ಚಾಗಿ ಇದನ್ನೇ ಯೋಚಿಸಿದೆ. ಬಿರಡೆಯ ವಿಷಯದಲ್ಲಿ ಅಷ್ಟು ಜತನದ ಮನುಷ್ಯ ಒಂದು ಸಲ ತಪ್ಪಿದನಂತೆ ಎಂದು ಜನ ಹೇಳುತ್ತಾರೆ. ಹೊಗಳಿಯೇ ಹೇಳುತ್ತಾರೆ. ಆದರೂ ಅವರು ಮಾಡದ ತಪ್ಪು ಅವರ ಹೆಸರಿಗೆ ಉಳಿಯುವುದು ನನಗೆ ಬೇಡವಾಗಿತ್ತು.

ಇದ್ದತ್ ಮುಗಿದ ವಾರ ಅಣ್ಣನನ್ನು ಕರೆದುಕೊಂಡು ಸಿಂದಗಿ ಬಸ್ಸು ಹತ್ತಿದೆ. ಸರ್ ಅಂಗಳದಲ್ಲಿ ಕುರ್ಚಿ ಹಾಕಿ ಪೇಪರ್ ಓದುತ್ತಿದ್ದರು. ಕೂಡುವ ಮೊದಲೇ ಹೇಳಿದೆ.

"ಅವತ್ತ ಬಿರಡಿ ಬದಲ ಮಾಡಿದಾಕಿ ನಾನ್ರಿ ಸರ್. ಅವ್ರು ನೀರ ತರಾಕ ಮ್ಯಾಲ ಹೋಗಿದ್ರು."

ಸರ್ ಕನ್ನಡಕ ತೆಗೆದರು. ಪೇಪರನ್ನು ಮಡಚಿ ಬದಿಗಿಟ್ಟರು.

"ನಾ ಅವತ್ತ ಕೇಳಿದ್ನಿ ತಂಗೆವ್ವಾ. ಶನಿವಾರ ನಿನ್ನ ಸಂಗಾಟ ಯಾರರೆ ಇದ್ರೇನೋ ಅಂತ. 'ಇಲ್ರಿ ಸರ್, ನಾ ಒಬ್ಬಾವನ' ಅಂದ. ಅಂವ ನನಗ ಹೇಳಿದ ಸುಳ್ಳ ಅದೊಂದ ಇರಬೇಕು."

"ಇನ್ನ ಮ್ಯಾಲ ಆ ಕತಿ ಯಾರಿಗಾರ ಹೇಳೂ ಮುಂದ ಹೇಣ್ತಿ ಮಾಡಿದ್ಲು ಅಂತ ಹೇಳ್ರಿ."

"ಹೇಳ್ತೇನಿ," ಎಂದರು. ಆಮೇಲೆ ತುಸು ನಕ್ಕು, "ಹಂಗ ಹೇಳಿದ್ರ ಅಂವ ಮತ್ತೂ ದೊಡ್ಡಾವ ಆಗ್ತಾನಲ್ಲ ತಂಗೆವ್ವಾ," ಎಂದರು.

"ಆಗ್ಲಿ ಬಿಡ್ರಿ," ಎಂದೆ.

ಅವರ ಮನೆಯವರು ಚಹಾ ಕೊಟ್ಟರು, ಕುಡಿದು ಸಂಜೆಯ ಬಸ್ಸಿಗೆ ಬಾಗೇವಾಡಿಗೆ ಬಂದೆ. ಹೇಳಬೇಕಾದವರಿಗೆ ಹೇಳಿದ್ದಾಯಿತು. ಈಗ ನಿಮಗೂ ಹೇಳಿದೆ. ಮನಸ್ಸು ಸ್ವಲ್ಪ ಹಗುರವಾಗಿದೆ, ಪೂರ್ತಿ ಅಲ್ಲ. ಎರಡು ವರ್ಷ ನಾನು ಅವರನ್ನು ಬೈದೆ. ಅವರು ನನ್ನನ್ನು ಬೈಯಬೇಕಾಗಿತ್ತು. ಆ ಒಂದು ಬೈಗುಳ ನನಗೆ ಸಿಗಲಿಲ್ಲ.