ಮರಳುದಿಬ್ಬಕ್ಕೊಂದು ಪ್ರದಕ್ಷಿಣೆ

ಚಳಿಗಾಲದ ಬಿಸಿಲಿನ ಮೇಲೆ ನನಗೆ ಬಹಳ ದಿನ ಒಂದು ಸಣ್ಣ ಸಿಟ್ಟಿತ್ತು. ಲಂಡನ್ನಿನ ಹೊರವಲಯದ ಹ್ಯಾರೋದಲ್ಲಿ ಡಿಸೆಂಬರಿನ ಸೂರ್ಯ ಬರುವುದೇ ಅಪರೂಪ. ಬಂದ ದಿನ ನಾನು ಎರಡೂ ಕೈ ಎತ್ತಿ ಮುಗಿಯುತ್ತೇನೆ. ಆದರೆ ಆತ ಬರುವ ರೀತಿ ನೋಡಿ. ಎದುರುಮನೆಯ ಚಿಮಣಿಯ ಪಕ್ಕದಿಂದ ಓರೆಯಾಗಿ ಇಣುಕಿ, ನಾನು ನಿನ್ನೆ ತಾನೇ ಒರೆಸಿದ ಟಿ.ವಿ. ಮೇಜಿನ ಮೇಲೆ ಇನ್ನೂ ಎಷ್ಟು ಧೂಳು ಉಳಿದಿದೆ ಎಂದು ಬೆರಳಿಟ್ಟು ತೋರಿಸುತ್ತಾನೆ. ತೀರಿಹೋದ ನಮ್ಮ ಅತ್ತೆಯವರೂ ಹೀಗೆಯೇ ಮಾಡುತ್ತಿದ್ದರು. ಅವರಿಗೂ ಕೈ ಮುಗಿಯುತ್ತಿದ್ದೆ.

ಇದನ್ನೇ ಒಂದು ಬೆಳಗ್ಗೆ ಗೊಣಗಿದೆ. ನಮ್ಮ ಮನೆಯವರು ಚಹಾದ ಕಪ್ಪು ಕೆಳಗಿಟ್ಟು ಕಣ್ಣರಳಿಸಿದರು.

"ಏ ಸುಮಾ, ಇದs ಬೆಳಕಿಗೆ ಮಂದಿ ಎಲ್ಲೆಲ್ಲೋ ಹೋಗ್ತಾರ. ನೆತ್ತಿ ಮ್ಯಾಲಿನ ಬಿಸಿಲಾಗ ಎಲ್ಲಾ ಚಪ್ಪಟೆ ಕಾಣ್ತದ. ಹಿಂಗ ಓರೆ ಬಿದ್ರನ ಉಬ್ಬು, ತಗ್ಗು ಎಲ್ಲಾ ಎದ್ದು ಬರೋದು."

"ಹಂಗಾದ್ರ ಕ್ಯಾಮೆರಾ ತಂದು ಈ ಧೂಳಿಂದು ಒಂದು ಫೋಟೋ ಹೊಡೀರಿ. ಆಮ್ಯಾಲೆ ಒರಸ್ತೀನಿ," ಎಂದೆ.

"ಧೂಳು ಭಾಳ ಸಣ್ಣದಾತು," ಎಂದರು ಅವರು, ಬಹಳ ಗಂಭೀರವಾಗಿ. "ಮರಳು ಬೇಕು."

ಗಂಡಸರಿಗೆ ಐವತ್ತು ದಾಟಿದ ಮೇಲೆ ಏನಾದರೊಂದು ಹಿಡಿಯುತ್ತದೆ. ಧಾರವಾಡದಲ್ಲಿರುವ ಅವರ ಅಣ್ಣನಿಗೆ ಜ್ಯೋತಿಷ್ಯ ಹಿಡಿಯಿತು, ಇವರಿಗೆ ಫೋಟೋ. ಜ್ಯೋತಿಷ್ಯವಾದರೆ ಮನೆಯಲ್ಲಿ ಕುಳಿತೇ ಆಗುತ್ತದೆ ಎನ್ನುವುದೊಂದೇ ವ್ಯತ್ಯಾಸ. ಇಲ್ಲಿಯ ಕ್ಯಾಮೆರಾ ಕ್ಲಬ್ಬೊಂದನ್ನು ಸೇರಿ ಅನೇಕ ವರ್ಷಗಳಾಗಿದ್ದವು. ವರ್ಷಕ್ಕೊಮ್ಮೆ ಕ್ಲಬ್ಬಿನವರು ಒಂದು ಪ್ರದರ್ಶನ ಇಡುತ್ತಾರೆ. ಹೊರಗಿನಿಂದ ಬಂದ ಪರೀಕ್ಷಕರು ಆರಿಸಿದ ಚಿತ್ರಗಳಷ್ಟೇ ಗೋಡೆಗೆ ಏರುತ್ತವೆ. ಇವರದೊಂದೂ ಏರಿರಲಿಲ್ಲ. ಪ್ರತಿ ಸಲವೂ ಪರೀಕ್ಷಕರು "ತಾಂತ್ರಿಕವಾಗಿ ಎಲ್ಲವೂ ಸರಿಯಾಗಿದೆ" ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಿದ್ದರು. ಉಪ್ಪು, ಹುಳಿ, ಖಾರ ಎಲ್ಲ ಸರಿಯಾಗಿದೆ ಎಂದು ಹೇಳಿ ಎರಡನೇ ಸಲ ಬಡಿಸಿಕೊಳ್ಳದ ಅತಿಥಿಯ ಹಾಗೆ. ಆ ರಾತ್ರಿಗಳಲ್ಲಿ ಇವರು ತಿನ್ನದೆ ಮೊಸರನ್ನ ಕಲಸುತ್ತಲೇ ಇರುತ್ತಿದ್ದರು. ಅದನ್ನು ನೋಡಲಾರದೆ ನಾನೇ ಎಂದೆ: "ನಡೀರಿ, ಎಲ್ಲಿ ಅದ ನಿಮ್ಮ ಮರಳು, ಹೋಗಿ ಬರೂಣು."

ಮೊರಾಕೊ ಲಂಡನ್ನಿನಿಂದ ಹತ್ತಿರವಂತೆ. ವಿಮಾನಕ್ಕೆ ಹತ್ತಿರ ಇರಬಹುದು. ಇಳಿದ ಮೇಲೆ ಬೆಟ್ಟ ಹತ್ತಿಳಿದು ಕಾರಿನಲ್ಲಿ ಹೋದ ದಾರಿಯನ್ನು ನನ್ನ ಸೊಂಟ ಇನ್ನೂ ಮರೆತಿಲ್ಲ. ಮಗಳು ಫೋನಿನಲ್ಲಿ "ಸೀರಿಯಸ್ಲಿ, ಅಮ್ಮಾ? ಫಾರ್ ಸ್ಯಾಂಡ್?" ಎಂದಳು. ನಾನು ಹಚ್ಚಿದ ಅವಲಕ್ಕಿ, ಚಟ್ನಿಪುಡಿ, ದೇವರ ಪುಟ್ಟ ಫೋಟೋ, ಇಬ್ಬರಿಗೂ ಮಂಕಿ ಕ್ಯಾಪು ಕಟ್ಟಿಕೊಂಡೆ. ಮರುಭೂಮಿ ಎಂದರೆ ಸೆಕೆ ಎಂದುಕೊಂಡವರು ಜನವರಿಯ ಬೆಳಗ್ಗೆ ಅಲ್ಲಿ ಸ್ನಾನ ಮಾಡಿ ನೋಡಬೇಕು. ಬಿಸಿನೀರು ಬಂತು, ದೇವರ ದಯೆ.

ಮೊದಲ ದಿನ ಮೋಡ. ಇಷ್ಟು ದೂರ ಬಂದು ಹ್ಯಾರೋದ ಆಕಾಶವನ್ನೇ ನೋಡಿದೆವು. ಉಳಿದದ್ದು ಒಂದೇ ಬೆಳಗು, ಮಧ್ಯಾಹ್ನಕ್ಕೆ ಹೊರಡಲೇಬೇಕು. ನಮ್ಮ ಡ್ರೈವರ್ ಹಸನ್, ನಗುಮುಖದ ಮನುಷ್ಯ, ಒಂದು ದಿಬ್ಬವನ್ನು ಆರಿಸಿಟ್ಟಿದ್ದ. ಯಾರೂ ತುಳಿಯದ ದಿಬ್ಬ. ಸಣ್ಣ ರವೆಯನ್ನು ಮೊರದಲ್ಲಿ ಕೇರಿ ಸುರಿದ ಹಾಗೆ ನುಣ್ಣಗೆ. ಅದರ ಆಚೆ ಒಂದು ಮುಳ್ಳಿನ ಪೊದೆ. ಅಲ್ಲಿ ನಿಂತರೆ ಸೂರ್ಯ ಹುಟ್ಟುವಾಗ ದಿಬ್ಬದ ಒಂದು ಮೈ ಬಂಗಾರ, ಇನ್ನೊಂದು ಮೈ ಕಪ್ಪು.

ಇನ್ನೂ ನಸುಗತ್ತಲೆ. ಹಸನ್ ಇವರಿಗೆ ತನ್ನ ಇಂಗ್ಲಿಷಿನಲ್ಲಿ ದಾರಿ ಹೇಳಿದ: ದಿಬ್ಬವನ್ನು ಎಡಕ್ಕೆ ಇಟ್ಟುಕೊಂಡು ಸುತ್ತಿ ಹೋಗಿ, ಆ ಕಡೆಯ ಹೆಜ್ಜೆ ಚಿತ್ರದಲ್ಲಿ ಕಾಣುವುದಿಲ್ಲ. ಇವರು ನನ್ನ ಕಡೆ ತಿರುಗಿ ಬೆರಳೆತ್ತಿದರು.

"ನೀ ಇಲ್ಲೇ ಚಾಪಿ ಮ್ಯಾಲೆ ಕುಂಡ್ರು. ಒಂದು ಹೆಜ್ಜಿ ಮುಂದ ಇಟ್ಟೀಯೋ, ಎಲ್ಲಾ ಹಾಳು. ಒಂದು ಹೆಜ್ಜಿ ಗುರುತು ಬೀಳಬಾರದು."

"ನಾ ಯಾಕ ಹೋಗ್ಲಿರೀ? ನಿಮ್ಮ ಕಾಲು ನೋಡ್ಕೋರಿ," ಎಂದು ಶಾಲು ಹೊದ್ದು ಕುಳಿತೆ. ನಿಜ ಹೇಳುತ್ತೇನೆ, ಪೂಜೆಗಿಟ್ಟ ಕಲಶದಷ್ಟೇ ಅಲುಗಾಡದೆ ಕುಳಿತಿದ್ದೆ.

ಇವರು ಕ್ಯಾಮೆರಾದ ಮೂರುಕಾಲನ್ನು ಹೆಗಲಿಗೇರಿಸಿ ನಡೆದರು. ಆ ಮಬ್ಬಿನಲ್ಲಿ ಅವರು ದಿಬ್ಬವನ್ನು ಬಲಕ್ಕೆ ಇಟ್ಟುಕೊಂಡು ಹೋಗುತ್ತಿರುವುದು ನನಗೆ ಕಾಣಿಸುತ್ತಿತ್ತು. ತಪ್ಪೆಂದು ಅನಿಸಲೇ ಇಲ್ಲ. ಬದಲಿಗೆ ಮನಸ್ಸಿಗೆ ಹಿತವಾಯಿತು. ಮೂವತ್ತು ವರ್ಷ ತುಳಸಿ ಸುತ್ತಿ, ದೇವರ ಗುಡಿ ಸುತ್ತಿ, ಮೊನ್ನೆ ಮೊನ್ನೆ ಕೊಂಡ ಕಾರನ್ನೂ ನಿಂಬೆಹಣ್ಣಿಡುವ ಮೊದಲು ಬಲಕ್ಕೇ ಇಟ್ಟು ಸುತ್ತಿದ ಕಾಲುಗಳು ಅವು. ನಿದ್ದೆಗಣ್ಣಿನಲ್ಲಿ ಏನನ್ನಾದರೂ ಸುತ್ತು ಎಂದರೆ ಅವಕ್ಕೆ ತಿಳಿದದ್ದು ಅದೊಂದೇ ದಿಕ್ಕು. ಹಸನನ ಮಂದಿ ಅವರ ಪುಣ್ಯಕ್ಷೇತ್ರವನ್ನು ಸುತ್ತುವುದು ಎಡಕ್ಕೆ ಇಟ್ಟುಕೊಂಡು ಎಂದು ಆಮೇಲೆ ಅವನೇ ಹೇಳಿದ. ಇಬ್ಬರೂ ಅವರವರ ಭಕ್ತಿಗೆ ತಕ್ಕಂತೆ ಸರಿಯಾಗಿಯೇ ಇದ್ದರು. ನಡುವೆ ದೇವರಿದ್ದರೆ ಯಾವ ಕಡೆಯಿಂದ ಸುತ್ತಿದರೂ ನಡೆದೀತು. ನಡುವೆ ಫೋಟೋಕ್ಕೆ ಕಾದ ದಿಬ್ಬವಿದ್ದರೆ ನಡೆಯುವುದಿಲ್ಲ.

ಸೂರ್ಯ ಹುಟ್ಟಿದ. ನಾನು ಕಣ್ಣು ಮುಚ್ಚಿ ಕೈಮುಗಿದೆ. ಆಚೆಯಿಂದ ಒಂದು ಕೂಗು ಕೇಳಿಸಿತು.

"ಸುಮಾ! ಯಾವನೋ ತುಳದಾನ! ನೋಡು, ನಡುವs ಹಾದು ಹೋಗ್ಯಾನ!"

ನಾನೂ ಹಸನನೂ ಅವನು ಹೇಳಿದ್ದ ದಾರಿಯಿಂದ ಸುತ್ತಿ ಓಡಿದೆವು. ಹಸನ್ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಮೆಲ್ಲಗೆ ಇವರ ಬೂಟುಗಳತ್ತ ಬೆರಳು ತೋರಿಸಿದ.

ಬೆಳಕು ಬೀಳುವ ಆ ನುಣ್ಣನೆಯ ಮೈಯ ನಟ್ಟನಡುವೆ ಒಂದು ಸಾಲು ಹೆಜ್ಜೆ. ಒಂದೊಂದು ಗುಳಿಯಲ್ಲೂ ನೆರಳು ತುಂಬಿ, ಪಡ್ಡಿನ ಹಂಚನ್ನು ಬಿಚ್ಚಿ ಉದ್ದಕ್ಕೆ ಹಾಸಿದ ಹಾಗೆ. ಓರೆ ಬೆಳಕು ಏನನ್ನೂ ಮುಚ್ಚಿಡುವುದಿಲ್ಲ, ನಾನು ಮೊದಲೇ ಹೇಳಿದೆನಲ್ಲ.

ನಾನು ದೇವರಲ್ಲಿ ಗಾಳಿ ಬೇಡಿದೆ. ಸಣ್ಣದೊಂದು ಗಾಳಿ, ಸ್ವಾಮೀ, ಅಳಿಸುವಷ್ಟು ಸಾಕು. ಎಲೆ ಅಲುಗಲಿಲ್ಲ, ಅಲುಗಲು ಅಲ್ಲಿ ಎಲೆಯೂ ಇರಲಿಲ್ಲ. ಸೂರ್ಯ ಏರಿದಂತೆ ಓರೆ ಬೆಳಕು ಕಳೆಯತೊಡಗಿತು. ಕೊನೆಗೆ ಇವರು, ಬಂದದ್ದಕ್ಕಾದರೂ ಇರಲಿ ಎಂಬಂತೆ, ಒಂದಿಷ್ಟು ಚಿತ್ರ ತೆಗೆದು, ಹಸನ್ ತೋರಿಸಿದ ಇನ್ನೊಂದು ದಾರಿಯಿಂದ ತಿರುಗಿ ಬಂದು ಚಾಪೆಯ ಮೇಲೆ ಕುಸಿದರು.

"ನಿನಗ ಕುಂಡ್ರಂತ ಹೇಳಿ ನಾನs ತುಳದೆ ನೋಡು."

ನಗು ಬರುತ್ತಿತ್ತು, ಆದರೆ ಮುಖ ನೋಡಿ ನುಂಗಿಕೊಂಡು ಅವಲಕ್ಕಿಯ ಡಬ್ಬಿ ತೆರೆದೆ. ಆಗ ಬಂತು ಗಾಳಿ. ಬೇಡಿದ್ದು ಸಣ್ಣದು, ಬಂದದ್ದು ಧಾರಾಳ. ಅವಲಕ್ಕಿಯ ಮೇಲೆ ಮರಳು, ಕಣ್ಣಲ್ಲಿ ಮರಳು, ಹಸನ್ ಸವಿಯಲೆಂದು ಎತ್ತಿದ ಮೊದಲ ತುತ್ತಿನಲ್ಲೂ ಮರಳು. ಪಾಪ, ಕರಕರ ಅಗಿದು "ವೆರಿ ಕ್ರಿಸ್ಪಿ, ಮದಾಮ್" ಎಂದ. ಗಾಳಿ ನಿಂತಾಗ ದಿಬ್ಬದ ಮೇಲೆ ಒಂದೂ ಹೆಜ್ಜೆ ಇರಲಿಲ್ಲ. ಆದರೆ ಸೂರ್ಯ ಮೇಲೇರಿದ್ದ; ದಿಬ್ಬ ಚಪ್ಪಟೆಯಾಗಿ, ನೆಂಟರು ಹೋದ ಮೇಲೆ ಗುಡಿಸಿ ಮುಗಿಸಿದ ಪಡಸಾಲೆಯಂತೆ ಕಂಡಿತು. ತಪ್ಪು ದೇವರದಲ್ಲ. ಗಾಳಿ ಬೇಕೆಂದೆನೇ ಹೊರತು ಯಾವಾಗ ಬೇಕೆಂದು ನಾನು ಹೇಳಿರಲಿಲ್ಲ.

ಇವರು ಆ ಕಡೆ ನೋಡಿ, ಡಬ್ಬಿಯ ಕಡೆ ನೋಡಿ, ನಗಲು ಶುರುಮಾಡಿದರು. ನಾನು ನುಂಗಿಟ್ಟುಕೊಂಡಿದ್ದನ್ನೂ ಆಗ ಹೊರಗೆ ಬಿಟ್ಟೆ.

ಊರಿಗೆ ಬಂದ ಮೇಲೆ ಕ್ಲಬ್ಬಿಗೆ ಕಳಿಸಲು ಬೇರೆ ಚಿತ್ರವೇ ಇರಲಿಲ್ಲ. "ಈ ಸಲ ತಾಂತ್ರಿಕವಾಗಿನೂ ಸರಿ ಇಲ್ಲ," ಎನ್ನುತ್ತ ಹೆಜ್ಜೆಗಳದ್ದನ್ನೇ ಕಳಿಸಿದರು. ಅದು ಆಯ್ಕೆಯಾಯಿತು. ಬಹುಮಾನ ಬರಲಿಲ್ಲ, ಪ್ರದರ್ಶನದ ಸಭಾಂಗಣದ ತುದಿಯಲ್ಲಿ, ಟಾಯ್ಲೆಟ್ಟಿನ ಬಾಗಿಲ ಪಕ್ಕ ಜಾಗ ಸಿಕ್ಕಿತು. ಇವರು ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು. ನಾನು ಹೇಳಿದೆ, "ಬ್ಯಾರೆ ಗ್ವಾಡಿಗೆ ಬೇಕಾದವರು ಬರ್ತಾರ, ಇಲ್ಲಿಗೆ ಎಲ್ಲಾರೂ ಬರಬೇಕ್ರೀ."

ಹಾಗೆ ಬಂದವರಲ್ಲಿ ಕೋಲು ಹಿಡಿದ ಒಬ್ಬ ಇಂಗ್ಲಿಷ್ ಅಜ್ಜಿಯೂ ಇದ್ದರು. ಹೋಗುವಾಗ ನಿಂತರು, ಬರುವಾಗ ಮತ್ತೆ ನಿಂತರು. ಹೆಜ್ಜೆಗಳ ಸಾಲನ್ನು ಕಣ್ಣಿನಲ್ಲೇ ಹಿಂಬಾಲಿಸಿ, ದಿಬ್ಬದ ಆಚೆ ಅದು ಮರೆಯಾಗುವ ಜಾಗಕ್ಕೆ ಬಂದು, ಪಕ್ಕದಲ್ಲಿದ್ದ ನನ್ನನ್ನು ಕೇಳಿದರು:

"ಹೋದದ್ದು ಮಾತ್ರ ಕಾಣಿಸುತ್ತದೆ ಅಲ್ಲವೇ, ಮಗಳೇ? ಆ ಮನುಷ್ಯ ತಿರುಗಿ ಬಂದನೇ?"

ಕೇಳಿದ ದನಿಯಲ್ಲಿ ಎಷ್ಟು ಕಾಳಜಿ ಇತ್ತೆಂದರೆ ನಾನು ನಗಲಿಲ್ಲ. ಸಭಾಂಗಣದ ಆ ತುದಿಯ ಚಹಾದ ಮೇಜನ್ನು ತೋರಿಸಿದೆ. "ಬಂದರು. ಅಗೋ ಅಲ್ಲಿ, ಬಿಸ್ಕೆಟ್ ತಿನ್ನುತ್ತಿದ್ದಾರೆ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಇವರನ್ನು ಚೆನ್ನಾಗಿ ನೋಡಿದರು. "ಓಹ್, ಒಳ್ಳೆಯದಾಯಿತು," ಎಂದು ನನ್ನ ಕೈ ಒತ್ತಿ, ಕೋಲೂರಿಕೊಂಡು ಹೋದರು.

ನಾನು ಅಲ್ಲೇ ನಿಂತು ಯೋಚಿಸಿದೆ. ದೇವರ ಮುಂದೆ ಅದು ಬೇಕು, ಇದು ಬೇಕು ಎಂದು ಎಷ್ಟು ಕೇಳಿಕೊಂಡಿದ್ದೇನೆ. ಹೊರಗೆ ಹೋದವರು ತಿರುಗಿ ಬಂದು ಚಪ್ಪಲಿ ಬಿಡುವುದನ್ನು ಮಾತ್ರ ಕೇಳದೆಯೇ ದಿನಾ ಸಂಜೆ ಇಸಿದುಕೊಂಡಿದ್ದೇನೆ. ಅಷ್ಟರಲ್ಲಿ ಇವರ ಕೈ ಮತ್ತೆ ತಟ್ಟೆಯ ಕಡೆ ಹೋಗುವುದು ಕಾಣಿಸಿತು. ಇವರಿಗೆ ಸಕ್ಕರೆ ಕಾಯಿಲೆ, ನಮ್ಮ ಜಿ.ಪಿ. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಕೃತಜ್ಞತೆಯನ್ನು ಅಲ್ಲಿಗೇ ನಿಲ್ಲಿಸಿ ಆ ಮೇಜಿನ ಕಡೆ ಓಡಿದೆ.