ಗುಂಡು ತಗುಲದೆ ಸತ್ತ ಸಿಪಾಯಿ

ಕನಕಪುರದಿಂದ ಕೋಡಿಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರಿನ ಕ್ರಾಸ್ ಸಿಗುತ್ತದೆ. ಅಲ್ಲಿನ ಬಸ್ ತಂಗುದಾಣದ ಗೋಡೆಯ ಮೇಲೆ ಒಬ್ಬ ಸಿನಿಮಾ ನಟ ಮಿಲಿಟರಿ ಬಟ್ಟೆ ತೊಟ್ಟು, ಬಂದೂಕು ಹಿಡಿದು, ತಲೆಗೂದಲು ಕೆದರದಂತೆ ನಿಂತಿದ್ದಾನೆ. ನಮ್ಮೂರ ಶಾಲೆಯಲ್ಲೇ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೇಷ್ಟ್ರಾಗಿದ್ದವನು ನಾನು. ಬಸ್ಸಿಗೆ ಕಾಯುವಾಗ ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದೆ.

ಕ್ರಾಸಿನಲ್ಲೇ ಒಂದು ಇಡ್ಲಿ ಹೋಟೆಲಿತ್ತು. ಅದರ ಮುಂದಿನ ಬೆಂಚಿನ ಮೇಲೆ ಕೂತು ನಮ್ಮೂರಿನವರು ಮಾಡದ ಯುದ್ಧವಿಲ್ಲ. ಒಂದೇ ಪೇಪರನ್ನು ನಾಲ್ಕು ಭಾಗ ಮಾಡಿಕೊಂಡು ಓದುತ್ತಿದ್ದರು. ರಾಜಕೀಯದ ಪುಟ ಸಿಕ್ಕವನು ಸರ್ಕಾರ ಬೀಳಿಸುತ್ತಿದ್ದ, ಸಿನಿಮಾ ಪುಟ ಸಿಕ್ಕವನು ತನ್ನ ನಟನೇ ಮುಖ್ಯಮಂತ್ರಿ ಆಗಬೇಕು ಅನ್ನುತ್ತಿದ್ದ. ಚೀನಾ ರೇಷ್ಮೆ ಬಂದು ಗೂಡಿನ ರೇಟು ಬಿದ್ದ ದಿನವಂತೂ, ರಾಮನಗರದ ಮಾರ್ಕೆಟ್ಟಿನಿಂದ ಮುಖ ಇಳಿಸಿಕೊಂಡು ಬಂದವರು ಬಸ್ಸಿಳಿಯುತ್ತಲೇ ಚೀನಾದ ಮೇಲೆ ದಂಡೆತ್ತಿ ಹೋಗುತ್ತಿದ್ದರು. ದೇಶಪ್ರೇಮಕ್ಕೆ ಕೊರತೆಯಿರಲಿಲ್ಲ. ಆದರೆ ಸೈನ್ಯಕ್ಕೆ ಆಳು ತೆಗೆದುಕೊಳ್ಳುತ್ತಾರೆಂದು ಸುದ್ದಿ ಬಂದಾಗ ಬೆಂಚಿನವರ ಮಕ್ಕಳೆಲ್ಲ ಹಿಪ್ಪುನೇರಳೆ ತೋಟದಲ್ಲೇ ಇದ್ದರು. ನಾನೂ ನನ್ನ ಮಗನನ್ನು ಡಿಪ್ಲೊಮಾಗೆ ಹಾಕಿದೆ.

ಹೋದವನು ಒಬ್ಬನೇ, ಗಂಡನಿಲ್ಲದ ಒಬ್ಬ ಹೆಂಗಸಿನ ಒಬ್ಬನೇ ಮಗ. ನನ್ನ ಶಿಷ್ಯ. ಮಗ್ಗಿಯಲ್ಲಿ ದಡ್ಡ, ಓಟದಲ್ಲಿ ಮುಂದು. ಸೇರಿದ ಮೇಲೆ ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಅವನು ಬರುವ ತಾರೀಖು ಅವನ ತಾಯಿಗಿಂತ ಬೆಂಚಿನವರಿಗೆ ಚೆನ್ನಾಗಿ ಗೊತ್ತಿರುತ್ತಿತ್ತು, ಯಾಕೆಂದರೆ ಟ್ರಂಕಿನಲ್ಲಿ ಮಿಲಿಟರಿ ರಮ್ಮು ಇರುತ್ತಿತ್ತು. ಅಲ್ಲಿ ಚಳಿ ಹೇಗಿರುತ್ತದೆ, ಊಟಕ್ಕೆ ಏನು ಕೊಡುತ್ತಾರೆ ಎಂದು ಕೇಳಿದವರನ್ನು ನಾನು ಕಾಣೆ.

ಒಂದು ಚಳಿಗಾಲ ತಂತಿ ಬಂತು. ಕರ್ತವ್ಯದ ಮೇಲಿದ್ದಾಗ ತೀರಿಕೊಂಡನೆಂದು ಇತ್ತೇ ಹೊರತು ಹೇಗೆಂದು ಇರಲಿಲ್ಲ. ಇರದಿದ್ದದ್ದನ್ನು ಬೆಂಚು ತುಂಬಿಕೊಟ್ಟಿತು. ಸಂಜೆಯ ಹೊತ್ತಿಗೆ ಎದೆಗೆ ಮೂರು ಗುಂಡು ಬಿದ್ದಿದ್ದವು, ಮರುದಿನ ಏಳಾದವು. ಚುನಾವಣೆ ಹತ್ತಿರವಿತ್ತು. ಆ ಕಡೆಯ ಮುಖಂಡರೊಬ್ಬರು ಎರಡು ಜೀಪಿನಲ್ಲಿ ಬಂದು, ಫೋಟೋಗೆ ಹಾರ ಹಾಕಿ, ಕ್ರಾಸಿನಲ್ಲಿ ತಂಗುದಾಣ ಕಟ್ಟಿಸಿ ಅದಕ್ಕೆ ಹುಡುಗನ ಹೆಸರಿಟ್ಟು ಕಲ್ಲು ಹಾಕಿಸುತ್ತೇನೆಂದು ಮಾತು ಕೊಟ್ಟರು. ತಾಯಿ ಆವತ್ತೇ ಮೊದಲ ಸಲ ತಲೆ ಎತ್ತಿ ನೋಡಿದ್ದು. ಆಮೇಲೆ ಎದುರು ಸಿಕ್ಕಾಗಲೆಲ್ಲ ಕಲ್ಲಿನ ವಿಷಯ ಬಿಟ್ಟು ಬೇರೆ ಕೇಳುತ್ತಿರಲಿಲ್ಲ. ಹೆಸರು ದಪ್ಪಕ್ಷರದಲ್ಲಿ ಬರುತ್ತದಾ, ಮಳೆಗೆ ಅಳಿಸುವುದಿಲ್ಲವಾ ಎಂದು ಕೇಳುತ್ತಿದ್ದರು.

ಹದಿನೈದು ದಿನ ಕಳೆದು ಅವನ ಪಡೆಯ ಸಾಹೇಬರಿಂದ ಇಂಗ್ಲಿಷಿನಲ್ಲಿ ಕಾಗದ ಬಂತು. ಊರಿನಲ್ಲಿ ಓದಬಲ್ಲವನು ನಾನೊಬ್ಬನೇ. ಆ ತಾಯಿಯ ಮನೆಯಲ್ಲಿ, ಅವರೊಬ್ಬರಿಗೇ, ಕನ್ನಡ ಮಾಡಿ ಹೇಳಿದೆ. ಹಿಮದ ದಾರಿಯಲ್ಲಿ ಮೇಲಿನ ಠಾಣೆಗೆ ರೇಷನ್ನು ಒಯ್ಯುತ್ತಿದ್ದ ಲಾರಿ ಜಾರಿ ಕಣಿವೆಗೆ ಮಗುಚಿಕೊಂಡಿತ್ತು. ಮೂವರು ಸತ್ತಿದ್ದರು, ಅವರಲ್ಲಿ ಅವನೊಬ್ಬ. ತಾಯಿ ಅಳಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿ ರಾಗಿ ಡಬ್ಬದ ಅಡಿಗಿಟ್ಟರು. ಯಾರಿಗೂ ಹೇಳಬೇಡಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ, ನನಗೇ ತಿಳಿಯಬೇಕಿತ್ತು.

ತಂಗುದಾಣ ಎದ್ದ ಮೇಲೆ ಕಲ್ಲಿನ ಒಕ್ಕಣೆ ಗೊತ್ತುಮಾಡಲು ಅರಳಿಕಟ್ಟೆಯ ಮೇಲೆ ಊರು ಸೇರಿತು. ಅಷ್ಟರಲ್ಲಿ ಕನಕಪುರದ ಥಿಯೇಟರಿನಲ್ಲಿ ಆ ನಟ ಸೈನಿಕನಾಗಿದ್ದ ಸಿನಿಮಾ ಓಡುತ್ತಿತ್ತು. ಅಭಿಮಾನಿಗಳ ಸಂಘದ ಹುಡುಗರು, ಗೋಡೆ ನಮಗೆ ಬಿಟ್ಟುಕೊಡಿ, ಸುಣ್ಣಬಣ್ಣ ನಮ್ಮದು ಎಂದು ದುಂಬಾಲು ಬಿದ್ದಿದ್ದರು. ಹಿರಿಯರು ಒಪ್ಪಿರಲಿಲ್ಲ. ನನ್ನ ಅಕ್ಷರ ದುಂಡಗಿದೆಯೆಂದು ಹಾಳೆ ಪೆನ್ನು ನನಗೇ ಕೊಟ್ಟು, ‘ಶತ್ರುಗಳ ಗುಂಡಿಗೆ ಎದೆಯೊಡ್ಡಿ’ ಎಂದು ಶುರುಮಾಡಿ ಅಂದರು.

ನಾನು ಬರೆಯಲಿಲ್ಲ. ಅದು ನಿಜವಲ್ಲ ಅಂದೆ. ಲಾರಿ, ಹಿಮ, ಕಣಿವೆ ಎಲ್ಲವನ್ನೂ ಪಾಠ ಒಪ್ಪಿಸುವಂತೆ ಹೇಳಿದೆ. ಕಲ್ಲಿನ ಮೇಲೆ ಸುಳ್ಳು ಕೆತ್ತಬಾರದು ಎಂದು ಬುದ್ಧಿಯನ್ನೂ ಹೇಳಿದೆ. ನಿಜ ಹೇಳಿದರೂ ಕಲ್ಲು ನಿಲ್ಲುತ್ತದೆಂದು ನಂಬಿದ್ದ ಮಹಾ ಪೆದ್ದ ನಾನು. ತಾಯಿ ಹೆಂಗಸರ ಗುಂಪಿನಲ್ಲಿ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡಿದರು.

ಆಮೇಲೆ ಬೆಂಚಿನ ದೊಡ್ಡ ಯುದ್ಧವೀರನೊಬ್ಬ ಪಕ್ಕದವನಿಗೆ ಹೇಳುವಂತೆ ಎಲ್ಲರಿಗೂ ಹೇಳಿದ.

“ಲಾರಿ ಮಗುಚ್ಕಂಡು ಸಾಯೋರು ನಮ್ಮ ಸಾತನೂರು ರೋಡಲ್ಲೇ ಬೇಕಾದಷ್ಟು ಜನ ಅವ್ರೆ ಕಣ್ಲಾ. ಅವ್ರಿಗೆಲ್ಲ ಕಲ್ಲು ನೆಡಕ್ಕಾದದಾ?”

ಕೆಲವರು ನಕ್ಕರು. ಸತ್ತ ಹುಡುಗನ ರಮ್ಮು ಕುಡಿದವರೇ. ನಾನು ಎದ್ದು, ಮೇಲೆ ಬಂದೂಕು ಹಿಡಿದವನಿಗೆ ಅನ್ನ ಒಯ್ಯುವಾಗ ಸತ್ತವನೂ ದೇಶಕ್ಕೇ ಸತ್ತವನಲ್ಲವೇ ಎಂದು ವಾದಕ್ಕಿಳಿದೆ. ಗುಂಡು ಬೀಳಲಿಲ್ಲ ಅಂತ ನೀವೇ ಹೇಳಿದ್ದಲ್ಲವಾ ಮೇಷ್ಟ್ರೇ ಎಂದು ಸುಮ್ಮನಾಗಿಸಿದರು. ಮುಖಂಡರಿಗೂ ಸುದ್ದಿ ಹೋಯಿತು. ಗುಂಡಿಲ್ಲದ ಸಾವು ಭಾಷಣಕ್ಕೆ ಒದಗುವುದಿಲ್ಲ, ಅವರು ಕಲ್ಲಿನ ಮಾತೇ ಎತ್ತಲಿಲ್ಲ. ಗೋಡೆ ಹುಡುಗರ ಪಾಲಾಯಿತು. ಪರದೆಯ ಮೇಲೆ ಹತ್ತಾರು ಗುಂಡು ತಿಂದರೂ ಎದ್ದು ಬಂದು ನಾಯಕಿಯ ಜೊತೆ ಕುಣಿಯುವವನ ಚಿತ್ರ ಮೂರೇ ದಿನದಲ್ಲಿ ಬರೆಸಿ, ಪಟಾಕಿ ಹೊಡೆದು, ಹಾಲು ಎರೆದರು. ಕೆಲವು ತಿಂಗಳು ನಾನು ಊರನ್ನು ಬಯ್ದುಕೊಂಡೇ ತಿರುಗಿದೆ. ನಿಜ ಹೇಳಿದ ಒಬ್ಬನೇ ಮನುಷ್ಯ ನಾನು ಎಂಬ ಜಂಬ ಒಳಗೇ ಇತ್ತು.

ಅದೇ ವರ್ಷ ಗೌರಿ ಹಬ್ಬದ ಹಿಂದುಮುಂದು ಆ ತಾಯಿ ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಜಗಲಿಯ ಮೇಲೇ ಕೂತರು. ಸೊಂಟದ ಗಂಟಿನಿಂದ ಅದೇ ಕಾಗದ ತೆಗೆದು ಕೊಟ್ಟರು.

“ಇನ್ನೊಂದ್ಸಲ ಓದಿ ಮೇಷ್ಟ್ರೇ. ಅವತ್ತು ನೀವು ಓದ್ದೆ ಬುಟ್ಟಿರೋದು ಒಸಿ ಏನಾರ ಐತಾ ನೋಡಿ.”

ಕಾಗದದಲ್ಲಿ ಏನೂ ಇರಲಿಲ್ಲ. ಇಲ್ಲವೆಂದು ಗೊತ್ತಿದ್ದೂ ಸಾಲಿನ ಮೇಲೆ ಬೆರಳಾಡಿಸಿದೆ. ಅವರ ಮುಖ ನೋಡಲಾಗಲಿಲ್ಲ.

“ಐತೆ ಕಣಮ್ಮ,” ಅಂದೆ. “ಕೊನೇ ಸಾಲು, ಅವತ್ತು ನನ್ನ ಕಣ್ಣಿಗೆ ಬೀಳ್ನಿಲ್ಲ. ಮೇಲಿಂದ ಗುಂಡು ಹೊಡೆದ್ರಂತೆ, ಅದಕ್ಕೇ ಲಾರಿ ಮಗುಚಿದ್ದು.”

ಅವರು ಕೈ ಚಾಚಿ ಕಾಗದ ಇಸಿದುಕೊಂಡರು. ಮೊದಲಿನ ಹಾಗೆಯೇ ನಾಲ್ಕಾಗಿ ಮಡಿಸಿದರು. ಕೋಪವಿರಲಿಲ್ಲ, ದನಿಯೂ ಏರಲಿಲ್ಲ.

“ಸುಳ್ಳು ಯೋಳಕ್ಕೆ ನಿಮಗೂ ಬತ್ತದೆ,” ಅಂದರು. “ಅವತ್ತು ಕಟ್ಟೆ ಮ್ಯಾಲೆ ಯಾಕೆ ಬರ್ನಿಲ್ಲ ಮೇಷ್ಟ್ರೇ?”